ಒಂಬತ್ತು ಗುಣವತಿಯರು

ನಲವತ್ತಾರು.

ದೇಯಿ ಇನ್ನೊಮ್ಮೆ ಒತ್ತಿದಳು. ಕಂಪ್ಯೂಟರು ಒಂದು ಗಳಿಗೆ ಯೋಚಿಸಿದಂತೆ ನಟಿಸಿ ಪುನಃ ಅದನ್ನೇ ಹೇಳಿತು. ನಲವತ್ತಾರು.

ಬಂದರ್ ದಕ್ಕೆಯಲ್ಲಿ, ಬೋಟುಗಳು ಮೀನಿಳಿಸುವ ಆ ಉದ್ದನೆಯ ಕಟ್ಟೆಯಲ್ಲಿ, ಬುಟ್ಟಿ ಹೊರುವ ಹೆಂಗಸರ ಸಂಖ್ಯೆ ಅದು. ಅದು ಸುಳ್ಳೆಂದು ತಿಳಿಯಲು ದಕ್ಕೆ ಸೌಕರ್ಯ ಸಂಘದ ಮಹಡಿಯ ಕಿಟಕಿಯಿಂದ ಬಗ್ಗಿ ನೋಡಿದರೆ ಸಾಕಿತ್ತು. ಒಂದೇ ಬೋಟಿನ ಮುಂದೆ ಮೂವತ್ತು ತಲೆ. ಮಂಜುಗಡ್ಡೆಯ ಲಾರಿಯ ಹಿಂದೆ ಇಪ್ಪತ್ತು. ಹರಾಜಿನ ಸುತ್ತ ಎಣಿಸಿ ಮುಗಿಯದಷ್ಟು. ಆದರೆ ಕಂಪ್ಯೂಟರು ಎದ್ದು ಕಿಟಕಿಯ ಬಳಿಗೆ ಹೋಗುವುದಿಲ್ಲ. ಅದರ ಸಾಹೇಬರೂ ಹೋಗುವುದಿಲ್ಲ.

ದಕ್ಕೆಯಲ್ಲಿ ಹೊಸ ಕಟ್ಟಡ ಏಳಲಿತ್ತು. ಹೆಂಗಸರು ಐವತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅವರಿಗೆ ಪ್ರತ್ಯೇಕ ಶೌಚಾಲಯ, ಇಪ್ಪತ್ತೈದು ಮಂದಿಗೆ ಒಂದರಂತೆ. ಐವತ್ತು ತುಂಬದಿದ್ದರೆ ಒಂದೂ ಇಲ್ಲ. ಆ ಜಾಗ ಮಂಜುಗಡ್ಡೆಯ ಗೋದಾಮಿಗೆ. ಹನ್ನೊಂದು ಗಂಟೆಗೆ ಇಂಜಿನಿಯರ್ ಬಂದು ಸಂಖ್ಯೆಯ ಹಾಳೆಯನ್ನು ಒಯ್ಯುತ್ತಾರೆ. ಆಮೇಲೆ ನಕ್ಷೆಯನ್ನು ದೇವರೂ ತಿದ್ದಲಾರ. ಈಗ ಗಂಟೆ ಒಂಬತ್ತೂವರೆ.

ನಲವತ್ತಾರು. ನಾಲ್ಕು ಹೆಂಗಸರು ಕಡಿಮೆ ಬಿದ್ದಿದ್ದರು. ಮೂತ್ರ ಮಾಡುವ ಹಕ್ಕಿಗೆ ನಾಲ್ಕು ಹೆಂಗಸರು ಕಡಿಮೆ.

ಇಪ್ಪತ್ತು ವರ್ಷದ ಹಿಂದೆ, ಮದುವೆಯಾದ ವರ್ಷವೇ ದೇಯಿ ಈ ಕಟ್ಟೆಗೆ ಇಳಿದವಳು. ಮೂರೂವರೆಗೆ ಎದ್ದು ಬೋಳಾರದಿಂದ ನಡೆದು ಬರಬೇಕು. ನೀರು ಕುಡಿಯದೆ ಬರಬೇಕು. ಬುಟ್ಟಿ ಹೊರುವುದನ್ನು ಕಲಿಸುವ ಮೊದಲು ಅತ್ತೆ ಅವಳಿಗೆ ಬಾಯಾರುವುದನ್ನು ಕಲಿಸಿದ್ದಳು. ತಲೆಯ ಮೇಲೆ ನಲವತ್ತು ಕಿಲೋ ಬೂತಾಯಿ ಮೀನು. ಮಂಜು ಕರಗಿದ ನೀರು ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಹಿಮ್ಮಡಿಗೆ. ಮೈಯೆಲ್ಲ ನೀರು, ಗಂಟಲಲ್ಲಿ ಹನಿಯಿಲ್ಲ. ಗಂಡಸರಿಗೆ ಗೋದಾಮಿನ ಗೋಡೆಯಿತ್ತು. ಹೆಂಗಸರಿಗೆ ಹಳೆಯ ಬೋಟುಗಳ ಮರೆಯ ಕೆಸರು, ಅದೂ ಬೆಳಕು ಹರಿಯುವ ತನಕ. ಬೆಳಕು ಹರಿದ ಮೇಲೆ ತಡೆ. ಮಧ್ಯಾಹ್ನದವರೆಗೆ ತಡೆ. ತಡೆದು ತಡೆದು ಉರಿ, ಚಳಿಜ್ವರ, ಕಂಕನಾಡಿಯ ಆಸ್ಪತ್ರೆಯಲ್ಲಿ ಸರತಿ. ಡಾಕ್ಟರು ಪ್ರತಿ ಸಲವೂ "ನೀರು ಜಾಸ್ತಿ ಕುಡೀಬೇಕು" ಎನ್ನುತ್ತಿದ್ದರು. ಹೆಂಗಸರು ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕರೂ ಉರಿಯುತ್ತಿತ್ತು.

ಕುತ್ತಿಗೆಯ ಎಲುಬು ಜಾರಿದ ಮೇಲೆ ದೇಯಿ ಬುಟ್ಟಿ ಇಳಿಸಿದಳು. ಸಂಜೆಯ ತರಗತಿಗೆ ಹೋಗಿ ಕಂಪ್ಯೂಟರು ಕಲಿತಳು. ಈಗ ಸಂಘದಲ್ಲಿ ದಿನಗೂಲಿಯ ಮೇಲೆ ಹಾಜರಿ ಎಂಟ್ರಿ ಮಾಡುವ ಕೆಲಸ. ಕುರ್ಚಿ ಕೊಟ್ಟಿರಲಿಲ್ಲ, ಪ್ಲಾಸ್ಟಿಕ್ ಸ್ಟೂಲು. ಆಫೀಸಿನ ಮೂಲೆಯಲ್ಲಿ ಬಿಳಿಯ ಟೈಲ್ಸ್ ಹಾಕಿದ ಶೌಚಾಲಯವಿತ್ತು. ಬಾಗಿಲ ಮೇಲೆ 'ಸಿಬ್ಬಂದಿಗೆ ಮಾತ್ರ' ಎಂಬ ಬರಹವಿತ್ತು. ದಿನಗೂಲಿಯವಳು ಸಿಬ್ಬಂದಿಯಲ್ಲ ಎಂದು ಮ್ಯಾನೇಜರ್ ಕೃಷ್ಣರಾಜರು ಮೊದಲ ದಿನವೇ ತಿಳಿಸಿದ್ದರು. ಅವರು ಕೂಗುವ ಪೈಕಿಯವರಲ್ಲ. ಪೂಜೆಯ ಮಂತ್ರ ಹೇಳಿ ಪಳಗಿದ ಮೆತ್ತನೆಯ ಕಂಠದಲ್ಲಿ ಹೇಳಿದ್ದರು:

"ಬೇಜಾರು ಮಾಡ್ಬೇಡ ದೇಯಿ. ಮೀನಿನ ವಾಸನೆ ಒಮ್ಮೆ ಹಿಡಿದರೆ ಬಿಡುವುದಿಲ್ಲ ನೋಡು. ನಿನ್ನ ತಪ್ಪಲ್ಲ ಅದು."

ಬುಟ್ಟಿ ಇಳಿಸಿ ಆಗಲೇ ಮೂರು ವರ್ಷ ಕಳೆದಿತ್ತು. ಆ ಸಂಜೆ ಮನೆಗೆ ಹೋಗಿ ದೇಯಿ ತನ್ನ ತೋಳನ್ನು ತಾನೇ ಮೂಸಿ ನೋಡಿದ್ದಳು. ಸೋಪಿನ ವಾಸನೆಯಿತ್ತು. ಆದರೂ ಇನ್ನೊಮ್ಮೆ ಮೂಸಿದ್ದಳು. ಆ ಎರಡನೆಯ ಸಲವನ್ನು ಮಾತ್ರ ಅವಳು ಅವರಿಗೆ ಕ್ಷಮಿಸಿರಲಿಲ್ಲ.

"ಪ್ರಿಂಟ್ ತೆಗೆದಾಯ್ತಾ?" ಕೃಷ್ಣರಾಜರು ಬಂದು ನಿಂತರು. "ಕೆಳಗೆ 'ತಯಾರಿಸಿದವರು' ಅಂತ ಉಂಟಲ್ಲ, ಅಲ್ಲಿ ಒಂದು ಸಹಿ ಹಾಕು."

"ಸರ್, ಇದರಲ್ಲಿ ತಪ್ಪು ಉಂಟು."

"ಎಂತ ತಪ್ಪು?"

"ಹೊರುವವರು ಇಷ್ಟೇ ಅಲ್ಲ. ಇದರ ಎರಡು ಪಟ್ಟು ಉಂಟು."

"ನೀನು ಹೇಳಿದ್ದಲ್ಲ, ನಾನು ಹೇಳಿದ್ದಲ್ಲ. ಸಿಸ್ಟಮ್ ಹೇಳಿದ್ದು. ಸಿಸ್ಟಮಿಗೆ ಅವರು ಇವರು ಅಂತ ಭೇದ ಉಂಟಾ?"

"ಸಿಸ್ಟಮಿಗೆ ಹೇಳಿಕೊಟ್ಟವರು ಯಾರು ಸರ್?"

ಕೃಷ್ಣರಾಜರು ಮಗುವಿನ ಮಾತಿಗೆ ನಗುವಂತೆ ನಕ್ಕರು. "ಎಂಟ್ರಿ ಮಾಡುವುದು ನಿನ್ನ ಕೆಲಸ. ಎಣಿಸುವುದು ಸಂಘದ ಕೆಲಸ. ಸಹಿ ಹಾಕು."

"ಎಣಿಸುವುದು ಸಂಘ ಆದರೆ ಸಹಿಯೂ ಸಂಘವೇ ಹಾಕಲಿ. ನಾನು ಹಾಕುವುದಿಲ್ಲ."

ಮಾತು ಹೊರಬಿದ್ದ ಮೇಲೆ ಅದು ತನ್ನ ಬಾಯಿಂದಲೇ ಬಂತೆಂದು ದೇಯಿಗೆ ಗೊತ್ತಾಯಿತು. ಪೆನ್ನು ಮೇಜಿನ ಮೇಲೆ ಹಾಗೆಯೇ ಇತ್ತು. ಇಬ್ಬರೂ ಅದನ್ನು ನೋಡಿದರು.

"ನಾಳೆಯಿಂದ ಬರುವುದು ಬೇಡ ಅಂದರೆ?"

"ನಾಳೆಯದು ನಾಳೆ ಸರ್. ಹನ್ನೊಂದು ಗಂಟೆ ಇವತ್ತೇ ಉಂಟು."

"ನಾನು ಕಾಫಿ ಕುಡಿದು ಬರ್ತೇನೆ," ಎಂದರು ಕೃಷ್ಣರಾಜರು, ಮೊದಲಿನಷ್ಟೇ ಮೆತ್ತಗೆ. "ಅಷ್ಟರಲ್ಲಿ ನಿನಗೆ ಬುದ್ಧಿ ಬರಲಿ."

ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ದೇಯಿ ಪಕ್ಕದ ಮೇಜಿಗೆ ತಿರುಗಿದಳು. ಅಲ್ಲಿ ಕೂತಿದ್ದವರು ಗುಮಾಸ್ತ ಯೂಸ್ಟೇಸ್, ಊರವರು ಕ್ರಿಸ್ತುವರನ್ನು ಕರೆಯುವಂತೆ ಎಲ್ಲರ ಬಾಯಲ್ಲೂ 'ಪೊರ್ಬುಗಳು'. ಈ ಡೇಟಾಬೇಸನ್ನು ಹನ್ನೆರಡು ವರ್ಷದ ಹಿಂದೆ, ಸಂಘ ಹೆಂಗಸರಿಗೆ ಕೊಡೆ ಹಂಚಿದ ಕಾಲದಲ್ಲಿ, ಕಟ್ಟಿದವರು ಅವರೇ.

"ಪೊರ್ಬುಗಳೇ, ಈ ನಲವತ್ತಾರರ ಹೊಟ್ಟೆಯೊಳಗೆ ಎಂತ ಉಂಟು? ತೆರೆದು ತೋರಿಸಿ."

"ನನ್ನ ರಿಟೈರ್‌ಮೆಂಟಿಗೆ ಐದೇ ತಿಂಗಳು ದೇಯಿ. ನನ್ನನ್ನು ಬಿಡು."

"ನೀವು ಮುಟ್ಟಬೇಡಿ. ಬಾಯಲ್ಲಿ ಹೇಳಿ ಸಾಕು."

ಯೂಸ್ಟೇಸ್ ಬಾಗಿಲನ್ನು ನೋಡಿದರು. ಕಿಟಕಿಯನ್ನು ನೋಡಿದರು. ಆಮೇಲೆ ಮುಖ ಮೇಲೆತ್ತಿ, ತಿರುಗುವ ಫ್ಯಾನಿಗೆ ಹೇಳತೊಡಗಿದರು. "ಎಣಿಸಿ ಕೊಡುವ ಆ ಕ್ವೆರಿಯ ಮೇಲೆ ಯಾರಾದರೂ ರೈಟ್ ಕ್ಲಿಕ್ ಮಾಡಿದರೆ ಡಿಸೈನ್ ಅಂತ ಒಂದು ಬರ್ತದೆ ಎಂದು ಕೇಳಿದ್ದೇನಪ್ಪಾ. ನಾನು ನೋಡಿಲ್ಲ."

ದೇಯಿ ಒತ್ತಿದಳು. ಪರದೆ ಕವಚ ಕಳಚಿತು. ಒಳಗೆ ಪಟ್ಟಿಗಳು, ಚೌಕಗಳು. ಒಂದು ಕಡೆ 'ಯುನಿಕ್ ವ್ಯಾಲ್ಯೂಸ್', ಅದರ ಎದುರಿಗೆ 'ಯೆಸ್'.

"ಇದು ಎಂತ?"

"ಒಂದೇ ಹೆಸರು ಹತ್ತು ಸಲ ಬಂದರೂ ಒಂದು ಅಂತಲೇ ಎಣಿಸು ಎಂದು ಅರ್ಥ," ಎಂದರು ಯೂಸ್ಟೇಸ್ ಫ್ಯಾನಿಗೆ. "ಆಗಿನ ಸಾಹೇಬರು 'ಡಬಲ್ ಎಂಟ್ರಿ ಎಲ್ಲ ತೆಗಿ' ಅಂದರು. ತೆಗೆಯುವವ ತೆಗೆದ."

ದೇಯಿಗೆ ಥಟ್ಟನೆ ಎಲ್ಲ ಹೊಳೆಯಿತು.

ದಕ್ಕೆಗೆ ಹೊಸಬಳೊಬ್ಬಳು ಬಂದು ಬುಟ್ಟಿ ಇಡುವಂತಿಲ್ಲ. ಅಲ್ಲಿ ಜಾಗವಿರುವ ಹಿರಿಯಳೊಬ್ಬಳ ಹೆಸರಿನಡಿ ನಿಲ್ಲಬೇಕು. ಸೊಸೆ ಅತ್ತೆಯ ಹೆಸರಿನಲ್ಲಿ, ತಂಗಿ ಅಕ್ಕನ ಹೆಸರಿನಲ್ಲಿ, ನೆರೆಯವಳು ನೆರೆಯವಳ ಹೆಸರಿನಲ್ಲಿ. ಹರಾಜಿನವ "ಗುಣವತಿ!" ಎಂದು ಕೂಗಿದರೆ ಆ ಹೆಸರಿನಡಿ ಯಾರ ತಲೆ ಖಾಲಿ ಇದೆಯೋ ಅವಳು ಓಡುತ್ತಾಳೆ. ದೇಯಿಯೂ ಅತ್ತೆ ಗಿರಿಜೆಯ ಹೆಸರಿನಲ್ಲಿ ಹೊತ್ತವಳೇ. ಅಷ್ಟು ವರ್ಷವೂ ಕಟ್ಟೆಯಲ್ಲಿ ಯಾರೂ ಅವಳನ್ನು ದೇಯಿ ಎಂದು ಕೂಗಿರಲಿಲ್ಲ. ಕೊಡೆ ಹಂಚಿದ ದಿನ ಸಂಘದವರು ಪುಸ್ತಕ ಹಿಡಿದು "ನಿನ್ನ ಹೆಸರು ಎಂತ?" ಎಂದು ಕೇಳಿದಾಗ ಹೆಂಗಸರೆಲ್ಲ ಯಾರ ಹೆಸರಿನಡಿ ನಿಂತಿದ್ದರೋ ಆ ಹೆಸರನ್ನೇ ಹೇಳಿದ್ದರು. ಸ್ವಂತ ಹೆಸರು ಹೇಳಿದರೆ ಜಾಗ ಹೋದೀತೆಂಬ ಹೆದರಿಕೆ. ಹಾಗಾಗಿ ಪುಸ್ತಕದಲ್ಲಿ ಗುಣವತಿ ಒಂಬತ್ತು ಸಲ, ಗಿರಿಜಾ ಏಳು ಸಲ. ಆ ಒಂಬತ್ತು ಹೆಣ್ಣುಗಳನ್ನು ಕಂಪ್ಯೂಟರು ಒಂದರೊಳಗೊಂದು ಮಡಚಿ ಒಬ್ಬಳನ್ನಾಗಿ ಮಾಡಿತ್ತು.

ದೇಯಿ 'ಯೆಸ್' ಅಳಿಸಿ 'ನೋ' ಎಂದು ಹಾಕಿದಳು. ಲೆಕ್ಕವನ್ನು ಪುನಃ ಓಡಿಸಿದಳು.

ಎಪ್ಪತ್ತನಾಲ್ಕು.

"ಓ!" ಎಂದರು ಯೂಸ್ಟೇಸ್. ಫ್ಯಾನನ್ನು ಮರೆತು ಪರದೆಯನ್ನು ನೋಡಿದ್ದರು. "ಇನ್ನೊಂದು ಉಂಟು ನೋಡು. ಮನೆ ನಂಬರಿನ ಕಾಲಂ ಕೆಳಗೆ."

ಅಲ್ಲೊಂದು ಷರತ್ತಿತ್ತು. ಮನೆ ನಂಬರು ಖಾಲಿಯಿದ್ದವರನ್ನು ಬಿಟ್ಟುಬಿಡು ಎಂಬ ಷರತ್ತು. ಹೊಳೆಯ ಅಂಚಿನ ತಗಡಿನ ಜೋಪಡಿಗಳಿಗೆ ನಂಬರಿಲ್ಲ. ಅಲ್ಲಿ ಮಲಗುವವರು ಅಲ್ಲಿಂದಲೇ ಎದ್ದು ಬಂದು ಹೊರುತ್ತಾರೆ. ಹೊತ್ತ ಭಾರವನ್ನು ಸಂಘ ಎಣಿಸುತ್ತದೆ, ಹೊತ್ತವಳನ್ನು ಬಿಡುತ್ತದೆ. ದೇಯಿ ಆ ಷರತ್ತನ್ನು ಹಿಡಿದು, ಮೀನಿನ ಕರುಳು ಕೀಳುವಂತೆ ಕಿತ್ತು ಹಾಕಿದಳು.

ನೂರ ಹದಿಮೂರು.

ದೇಯಿ ಪರದೆಗೆ ಬಗ್ಗಿದಳು. ನಗು ಒತ್ತರಿಸಿ ಬರುತ್ತಿತ್ತು. ಎರಡು ಸಲ ಬೆರಳಾಡಿಸಿದ್ದಕ್ಕೆ ಅರುವತ್ತೇಳು ಹೆಂಗಸರು ಕತ್ತಲೆಯಿಂದ ಎದ್ದು ಬಂದಿದ್ದರು.

"ಇವರು ಬರೇ ಹೆಸರಲ್ಲ, ದಿನಾ ಕೆಲಸಕ್ಕೆ ಬರುವವರು ಅಂತಲೂ ತೋರಿಸಬೇಕು," ಎಂದಳು. ಹಾಜರಿಯ ಟೇಬಲನ್ನು ಪಕ್ಕಕ್ಕೆ ತಂದು, ಹೆಸರಿಗೆ ಹೆಸರನ್ನು ಗೆರೆ ಎಳೆದು ಜೋಡಿಸಿದಳು. ಓಡಿಸಿದಳು.

ಒಂಬತ್ತು ಸಾವಿರದ ಮುನ್ನೂರ ಹದಿನೆಂಟು.

ಇಬ್ಬರೂ ಸಂಖ್ಯೆಯನ್ನು ಇನ್ನೊಮ್ಮೆ ಓದಿದರು. ಆಮೇಲೆ ಯೂಸ್ಟೇಸ್ ಮೇಜಿನ ಮೇಲೆ ತಲೆಯಿಟ್ಟು ಹೆಗಲು ಕುಣಿಸಿ ನಕ್ಕರು. "ಸಾಕು ಮಾರಾಯ್ತಿ! ಇಷ್ಟು ಜನಕ್ಕೆ ಶೌಚಾಲಯ ಕಟ್ಟಿದರೆ ಮೀನಿಗೆ ಜಾಗ ಎಲ್ಲಿ? ಉಳ್ಳಾಲದ ತನಕ ಅದೇ ಕಟ್ಟಬೇಕು!"

"ಎಂತ ಆಯ್ತು ಇದು?"

"ನೀನು ಹೆಸರಿನಲ್ಲಿ ಜೋಡಿಸಿದೆಯಲ್ಲ? ಒಂಬತ್ತು ಗುಣವತಿಯರಲ್ಲಿ ಒಬ್ಬೊಬ್ಬಳಿಗೂ ಒಂಬತ್ತೂ ಜನರ ಹಾಜರಿ ಅಂಟಿಕೊಂಡಿತು. ಒಂದು ದಿನ ಒಬ್ಬಳು ಬಂದರೆ ಒಂಬತ್ತು ಜನ ಬಂದ ಹಾಗೆ."

ದೇಯಿ ಕಣ್ಣೊರೆಸಿಕೊಂಡು ಆ ಸಂಖ್ಯೆಯನ್ನು ಒಂದು ಕ್ಷಣ ಆಸೆಯಿಂದ ನೋಡಿದಳು. ಒಂಬತ್ತು ಸಾವಿರ. ಅಷ್ಟು ಜನ ಒಮ್ಮೆಲೇ ಬುಟ್ಟಿ ಕೆಳಗಿಟ್ಟರೆ ಊರೇ ನಡುಗೀತು. ಆಮೇಲೆ ಗೆರೆಯನ್ನು ಅಳಿಸಿದಳು. "ಇದೂ ಸುಳ್ಳು. ಅವರದ್ದು ಸುಳ್ಳು ಅಂತ ನಾವೂ ಸುಳ್ಳು ಹೇಳುವುದಾ? ನೂರ ಹದಿಮೂರೇ ಇರಲಿ."

ಕೃಷ್ಣರಾಜರು ಬಂದಾಗ ಬಾಯಲ್ಲಿ ಕಾಫಿಯ ಪರಿಮಳವಿತ್ತು. ಎರಡು ಲೋಟ ಆಗಿರಬೇಕು. ದೇಯಿ ಹೊಸ ಹಾಳೆಯನ್ನು ಮುಂದಿಟ್ಟಳು. ಅವರು ಓದಿದರು. ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಪುನಃ ಹಾಕಿ, ಪಟ್ಟಿಯ ಮೇಲೆ ಬೆರಳಿಟ್ಟರು.

"ಒಂಬತ್ತು ಗುಣವತಿ ಉಂಟು ಇದರಲ್ಲಿ. ಒಬ್ಬಳೇ ಒಂಬತ್ತು ಸಲ ಬರೆಸಿದ್ದರೆ? ಒಬ್ಬಳು ಒಂಬತ್ತು ಕೊಡೆ ತೆಗೆದುಕೊಂಡಿದ್ದರೆ? ಒಬ್ಬಳಿಗೂ ಇನ್ನೊಬ್ಬಳಿಗೂ ವ್ಯತ್ಯಾಸ ತೋರಿಸುವ ಒಂದಾದರೂ ಅಂಕಿ ಉಂಟಾ ನಿನ್ನ ಪಟ್ಟಿಯಲ್ಲಿ?"

ಇರಲಿಲ್ಲ. ಅವರು ಹೇಳಿದ್ದು ಸರಿಯಿತ್ತು. ಅದೇ ದೇಯಿಯನ್ನು ಕೆರಳಿಸಿತು.

"ಒಂಬತ್ತು ಗುಣವತಿಯರನ್ನು ನನ್ನ ಕಣ್ಣೆದುರಿಗೆ ನಿಲ್ಲಿಸು. ಸಹಿ ನಾನೇ ಹಾಕ್ತೇನೆ," ಎಂದರು ಕೃಷ್ಣರಾಜರು. ಹರಾಜಿನ ಹೊತ್ತು. ಬುಟ್ಟಿ ಬಿಟ್ಟು ಯಾರೂ ಬರಲಾರರೆಂದು ಅವರಿಗೆ ಗೊತ್ತಿತ್ತು.

ದೇಯಿ ಫೋನು ತೆಗೆದು ಕೆಳಗೆ ಕಟ್ಟೆಯಲ್ಲಿ ಬುಟ್ಟಿ ಹೊರುವ ಗೆಳತಿಗೆ ಹಚ್ಚಿದಳು. "ಸುಹೈಲಾ, ಗುಣವತಿ ಅಕ್ಕನನ್ನು ಕರ್ಕೊಂಡು ಬಾ. ಅವಳ ಹೆಸರಿನವರೆಲ್ಲ ಬರಬೇಕು. ಈಗಲೇ."

"ಎಲ್ಲಿಗೆ ದೇಯಕ್ಕ?"

"ಮೇಲೆ. ಆಫೀಸಿಗೆ. ಸಾಹೇಬರಿಗೆ ನಾವೆಷ್ಟು ಜನ ಅಂತ ನೋಡಬೇಕಂತೆ."

ಸುಹೈಲಾ ಹರಾಜಿನ ಗದ್ದಲವನ್ನು ಮೀರಿ ಕೂಗಿದಳು. "ಚಪ್ಪಲಿ ಹೊರಗೆ ಬಿಡಬೇಕಾ?"

"ಬುಟ್ಟಿ ಸಮೇತ ಬಾ ಮಾರಾಯ್ತಿ!"

ಮೊದಲು ಸದ್ದು ಬಂತು. ಹಳೆಯ ಮರದ ಮೆಟ್ಟಿಲುಗಳ ಮೇಲೆ ಒದ್ದೆ ಕಾಲುಗಳು. ಒಂಬತ್ತು ಜೊತೆಯ ಸದ್ದಾಗಿರಲಿಲ್ಲ ಅದು. ಮೇಲೆ ಎಣಿಸುತ್ತಾರಂತೆ ಎಂಬ ಸುದ್ದಿ ಕಟ್ಟೆಯುದ್ದಕ್ಕೂ ಹಬ್ಬಿ, ಬೋಟಿನ ಮುಂದೆ ನಿಂತವರೂ ಲಾರಿಯ ಹಿಂದೆ ನಿಂತವರೂ ಬುಟ್ಟಿ ಇಳಿಸಿ ಹೊರಟುಬಿಟ್ಟಿದ್ದರು. ಕೆಳಗೆ ಹರಾಜಿನವನ ಕೂಗು ನಿಂತುಹೋಯಿತು. ಕೂಗಿದರೆ ಓಡಿಬರಲು ಯಾರೂ ಇರಲಿಲ್ಲ.

ಎಲ್ಲರಿಗಿಂತ ಮುಂದೆ ಗುಣವತಿ. ಅರುವತ್ತು ದಾಟಿದ ಹೆಂಗಸು. ತಲೆಯ ಮೇಲೆ ಸಿಂಬಿ ಹಾಗೆಯೇ ಇತ್ತು, ಕಿರೀಟದಂತೆ. ಕೃಷ್ಣರಾಜರು ಕರವಸ್ತ್ರವನ್ನು ಮೂಗಿಗೆ ಹಿಡಿದರು.

"ಗುಣವತಿ ಯಾರು?"

"ನಾನು."

"ನಾನೂ."

"ನಾನು ಸಹ ಗುಣವತಿ ಸರ್."

ಒಬ್ಬೊಬ್ಬಳಾಗಿ ಸಾಲಾದರು. ಒಂಬತ್ತನೆಯವಳು ತಲೆಯ ಮೇಲಿನ ಶಾಲನ್ನು ಸರಿಪಡಿಸಿಕೊಂಡು ಮುಂದೆ ಬಂದ ಸುಹೈಲಾ. "ನಾನೂ ಗುಣವತಿಯೇ."

"ನೀನು ಬ್ಯಾರಿ ಅಲ್ವಾ, ಮುಸ್ಲಿಂ?"

"ಮನೆಯಲ್ಲಿ ಬ್ಯಾರಿ ಸರ್. ನಿಮ್ಮ ಕಂಪ್ಯೂಟರಿನಲ್ಲಿ ಗುಣವತಿ."

ಮೆಟ್ಟಿಲಿನ ತುದಿಯಿಂದ ಬುಡದವರೆಗೆ ನಗು ಉರುಳಿಕೊಂಡು ಹೋಯಿತು. ಅರ್ಧದಷ್ಟು ಜನ ಏಕೆಂದು ತಿಳಿಯದೆಯೇ ನಕ್ಕರು.

ಹಿರಿಯ ಗುಣವತಿ ಮಾತ್ರ ನಗಲಿಲ್ಲ. ಅವಳ ಕಣ್ಣು ಮೂಲೆಯ ಬಾಗಿಲಿನ ಮೇಲಿತ್ತು. "ಅದು ಎಂತ ಸರ್? ಪಾಯಿಖಾನೆಯಾ?"

"ಅದು ಸಿಬ್ಬಂದಿಗೆ."

"ನಾನು ಮೂರೂವರೆಯಿಂದ ತಡೆದಿದ್ದೇನೆ."

"ಅಲ್ಲಮ್ಮಾ, ಇಲ್ಲಿ ಒಂದು ನಿಯಮ..."

"ಸರ್," ಎಂದಳು ಗುಣವತಿ. "ನನ್ನ ಅತ್ತೆ ತಡೆದೇ ಸತ್ತದ್ದು. ಕಿಡ್ನಿ ಹೋಗಿ. ನಾನು ನಲವತ್ತು ವರ್ಷದಿಂದ ತಡೀತಾ ಇದ್ದೇನೆ. ಇವತ್ತು ಈ ಮೆಟ್ಟಿಲು ಹತ್ತಿದ್ದೇನೆ. ಇಳಿದು ಕೆಸರಿಗೆ ಹೋಗುವುದಿಲ್ಲ. ಬಾಗಿಲು ಕೊಡದಿದ್ದರೆ ಬೇಡ. ಇಲ್ಲಿಯೇ ಕೂತುಕೊಳ್ತೇನೆ."

ಅವಳು ಸೀರೆಯ ನೆರಿಗೆಗೆ ಕೈ ಹಾಕಿ, ಕೃಷ್ಣರಾಜರ ಮೇಜಿನ ಪಕ್ಕದಲ್ಲಿ, ಹೊಳೆಯುವ ನೆಲದ ಮೇಲೆ, ಮೊಣಕಾಲು ಮಡಚತೊಡಗಿದಳು. ತಮಾಷೆ ಮಾಡುತ್ತಿರಲಿಲ್ಲ. ಮುಖ ಕಲ್ಲಾಗಿತ್ತು.

"ಹೋಗಿ! ಹೋಗಿ ಮಾರಾಯ್ರೆ, ಹೋಗಿ!" ಕೃಷ್ಣರಾಜರು ಎರಡೂ ಕೈಯಿಂದ ಬಾಗಿಲನ್ನು ತೋರಿಸಿದರು.

ಬಾಗಿಲು ಮುಚ್ಚಿತು.  ಒಳಗಿನಿಂದ ನೀರು ಸುರಿದ ಸದ್ದು ಕೇಳಿತು. ಗುಣವತಿ ಹೊರಗೆ ಬಂದಳು. ಮುಖದ ಕಲ್ಲು ಕರಗಿತ್ತು. ನಾಚಿಕೆಯಿಂದೆಂಬಂತೆ ಅವಳು ನಕ್ಕಳು.

"ಹೇಗುಂಟು ಅಕ್ಕ?" ಎಂದು ಯಾರೋ ಕೇಳಿದರು.

"ಲೈಟು ಉಂಟು ಮಾರಾಯ್ತಿ ಒಳಗೆ! ಚಿಲಕ ಉಂಟು!"

"ಹಾಗಾದರೆ ನನಗೂ," ಎಂದಳು ಎರಡನೆಯ ಗುಣವತಿ.

"ನನಗೂ," ಎಂದಳು ಮೂರನೆಯವಳು.

ಐದನೆಯವಳು ಒಳಗೆ ಹೋದಾಗ ಕೃಷ್ಣರಾಜರಿಗೆ ದನಿ ಬಂತು. "ಎಷ್ಟು ಜನ ಹೋಗುವುದು ಇದು!"

"ಎಷ್ಟು ಜನ ಅಂದರೆ?" ಸುಹೈಲಾ ಕಣ್ಣರಳಿಸಿದಳು. "ಒಬ್ಬಳೇ ಅಲ್ವಾ ಸರ್ ಹೋದದ್ದು? ಗುಣವತಿ!"

ಯೂಸ್ಟೇಸ್ ಮುಖವನ್ನು ಕಡತದೊಳಗೆ ಹುದುಗಿಸಿದರು. ಕಡತ ಕುಣಿಯುತ್ತಿತ್ತು.

ದೇಯಿ ಆಗಲೇ ಹೊಸ ಟೇಬಲ್ ತೆರೆದಿದ್ದಳು. ಮೊದಲ ಕಾಲಂ ತಾನೇ ಏರುವ ಸಂಖ್ಯೆ. ಸಾಲು ಸೇರಿದ ಹಾಗೆ ಒಂದು, ಎರಡು, ಮೂರು ಎಂದು ಕಂಪ್ಯೂಟರೇ ಹಾಕುತ್ತದೆ, ಒಬ್ಬಳಿಗೆ ಕೊಟ್ಟದ್ದನ್ನು ಇನ್ನೊಬ್ಬಳಿಗೆ ಕೊಡುವುದಿಲ್ಲ. ಹೊರಗೆ ಬಂದವರನ್ನೆಲ್ಲ ಸ್ಟೂಲಿನ ಹತ್ತಿರ ಕರೆದಳು.

"ಹೆಸರು?"

"ಗುಣವತಿ."

"ಅದು ಅಕ್ಕನದು. ನಿನ್ನದು ಹೇಳು."

ಆ ಹೆಂಗಸು ತಿರುಗಿದಳು. ಹಿಂದೆ ನಿಂತಿದ್ದ ಹಿರಿಯ ಗುಣವತಿಯನ್ನು ನೋಡಿದಳು. ಗುಣವತಿ ಅವಳ ಬೆನ್ನಿಗೆ ಕೈಯಿಟ್ಟಳು. "ಹೇಳು ಮಗಾ. ಜಾಗ ಎಲ್ಲಿಗೂ ಹೋಗುವುದಿಲ್ಲ."

"ಜಲಜಾಕ್ಷಿ," ಎಂದಳು ಅವಳು. ಹೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಬ್ಬಾ, ಎಷ್ಟು ವರ್ಷ ಆಯ್ತು!"

"ಮನೆ ನಂಬರು?"

"ಇಲ್ಲ."

"ಬೇಡ. ಅಕ್ಕ ಒಂದು, ನೀನು ಎರಡು. ಮುಂದೆ ಬನ್ನಿ."

ಹೀಗೆ ಎಣಿಕೆ ಸಾಗಿತು. ಬಾಗಿಲು ತೆರೆದಾಗಲೆಲ್ಲ ಸಂಖ್ಯೆ ಏರಿತು. ಗಿರಿಜೆಯರು ಒಳಗೆ ಹೋಗಿ ಸೇಸಿ, ಕಮಲ, ಚೆನ್ನಮ್ಮ, ಪ್ರಾಪ್ತಿಯರಾಗಿ ಹೊರಗೆ ಬಂದರು. ಯಾರೋ ಚೀಲದಿಂದ ನೀರಿನ ಬಾಟಲಿ ತೆಗೆದರು. ಅದು ಕೈಯಿಂದ ಕೈಗೆ ಹೋಯಿತು. ದಕ್ಕೆಯ ಹೆಂಗಸರು ಹಗಲಿನಲ್ಲಿ, ಕೆಲಸದ ನಡುವೆ, ಗಟಗಟನೆ ನೀರು ಕುಡಿದರು. ಕುಡಿದವರು ಪುನಃ ಸಾಲಿನ ಹಿಂದೆ ಹೋಗಿ ನಿಂತರೆ ದೇಯಿ ಗದರಿದಳು: "ಹೋಗು, ಎಷ್ಟು ಸಲ ಬೇಕಾದರೂ ಹೋಗು. ಆದರೆ ಎಂಟ್ರಿ ಒಂದೇ!"

ಹನ್ನೊಂದಕ್ಕೆ ಇಂಜಿನಿಯರ್ ಶ್ರೀಲಕ್ಷ್ಮಿ ಬಂದರು. ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ, ತಲೆಯ ಮೇಲೆ ಹಳದಿ ಹೆಲ್ಮೆಟ್. ಮೆಟ್ಟಿಲು ಹತ್ತಲು ಜಾಗವಿರಲಿಲ್ಲ. "ಇದು ಎಂತ?" ಎಂದರು.

"ಕ್ಯೂ," ಎಂದಳು ಕೆಳಗಿನ ಮೆಟ್ಟಿಲಿನವಳು.

"ಯಾವುದಕ್ಕೆ?"

"ಉಚ್ಚೆಗೆ."

ಶ್ರೀಲಕ್ಷ್ಮಿ ಸಾಲಿನ ತುದಿಯವರೆಗೆ ಕಣ್ಣಾಡಿಸಿದರು. ಬೆಳಗ್ಗೆ ಏಳರಿಂದ ಮೂರು ಕಟ್ಟಡಗಳ ಕಾಮಗಾರಿ ನೋಡಿ ಬಂದಿದ್ದರು. ಮೂರರಲ್ಲೂ ಹೆಂಗಸರಿಗೆಂದು ಏನೂ ಇರಲಿಲ್ಲ. ಅವರ ಮುಖವನ್ನು ಮೆಟ್ಟಿಲಿನವಳು ಒಮ್ಮೆ ನೋಡಿದಳು. ಆ ಮುಖವನ್ನು ದಕ್ಕೆಯ ಯಾವ ಹೆಂಗಸೂ ಗುರುತಿಸಬಲ್ಲಳು. "ಮೇಡಮಿಗೆ ದಾರಿ ಬಿಡಿ!" ಎಂದು ಕೂಗಿದಳು. "ತಡೀಲಿಕ್ಕೆ ಆಗ್ತಾ ಇಲ್ಲ ಅವರಿಗೆ!"

ಮೆಟ್ಟಿಲುಗಳು ಇಬ್ಭಾಗವಾದವು. ಶ್ರೀಲಕ್ಷ್ಮಿ ಕೆಂಪಾಗಿ, ನಕ್ಷೆಯನ್ನು ಯೂಸ್ಟೇಸರ ಕೈಗೆ ಕೊಟ್ಟು ಒಳಗೆ ಹೋದರು. ಹೊರಗೆ ಬಂದಾಗ ಸುಹೈಲಾ ವಿನಯದಿಂದ ಕೇಳಿದಳು: "ನೀವು ಮೀನು ಹೊರ್ತೀರಾ ಮೇಡಂ?"

"ಇಲ್ಲ."

"ಹಾಗಾದರೆ ನಿಮ್ಮದು ಎಂಟ್ರಿ ಇಲ್ಲ. ಇಲ್ಲಿ ಲೆಕ್ಕ ಸರಿ ಉಂಟು."

ಶ್ರೀಲಕ್ಷ್ಮಿ ಪರದೆಯನ್ನು ನೋಡಿದರು. ಸಾಲನ್ನು ನೋಡಿದರು. ಕೃಷ್ಣರಾಜರು ಕೊಟ್ಟಿದ್ದ ನಲವತ್ತಾರರ ಹಾಳೆಯನ್ನು ಓದಿದರು.  ಕೃಷ್ಣರಾಜರ ಕುರ್ಚಿಯಲ್ಲಿ ಕೂತು, ನಕ್ಷೆ ಬಿಡಿಸಿ ಪೆನ್ಸಿಲು ತೆಗೆದರು.

ಐವತ್ತೊಂದನೆಯವಳು ಬಂದಾಗ ಅವರು ಹೇಳಿದರು: "ಐವತ್ತು ದಾಟಿತು. ನನಗೆ ಇಷ್ಟು ಸಾಕು."

"ನಮಗೆ ಸಾಲದು ಮೇಡಂ," ಎಂದಳು ದೇಯಿ, ತಲೆಯೆತ್ತದೆ. "ಕೊನೆಯವಳ ತನಕ ಆಗಲಿ."

ಅರುವತ್ತಮೂರಕ್ಕೆ ಟ್ಯಾಂಕಿನ ನೀರು ಮುಗಿಯಿತು. ಯಾರೂ ಹೇಳುವ ಮೊದಲು ಯೂಸ್ಟೇಸ್ ಎದ್ದರು. ಪ್ಯಾಂಟು ಮಡಚಿದರು. ಮಂಜುಗಡ್ಡೆಯ ಕಾರ್ಖಾನೆಯಿಂದ ಎರಡು ಬಕೆಟು ನೀರು ಹೊತ್ತು, ಎರಡೂ ಕಡೆ ಚೆಲ್ಲುತ್ತಾ ಮೆಟ್ಟಿಲು ಹತ್ತಿ ಬಂದರು. ಹೆಂಗಸರು ಗೋಡೆಗೆ ಒತ್ತಿ ದಾರಿ ಬಿಟ್ಟರು.

"ಸೊಂಟ ನೆಟ್ಟಗೆ ಪೊರ್ಬುಗಳೇ! ಹೊರುವುದು ಹಾಗಲ್ಲ!"

"ಸಿಂಬಿ ಕೊಡಲಾ?"

"ಪೊರ್ಬುಗಳದ್ದೂ ಒಂದು ಎಂಟ್ರಿ ಹಾಕು ದೇಯಕ್ಕ, ಅವರೂ ಹೊರ್ತಾರೆ!"

ಐದು ತಿಂಗಳಲ್ಲಿ ನಿವೃತ್ತರಾಗುವ ಯೂಸ್ಟೇಸ್ ಏದುಸಿರು ಬಿಡುತ್ತಾ, ತೋಯ್ದ ಮೀಸೆಯಲ್ಲಿ ನಗುತ್ತಾ, ಪುನಃ ಕೆಳಗೆ ಓಡಿದರು.

ಕೃಷ್ಣರಾಜರು ಕಿಟಕಿಯ ಬಳಿ ನಿಂತಿದ್ದರು. ಕುರ್ಚಿ ಹೋಗಿತ್ತು. ಎರಡು ಲೋಟ ಕಾಫಿ ತನ್ನ ಕೆಲಸ ಮಾಡತೊಡಗಿತ್ತು. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿದರು. ಕರವಸ್ತ್ರ ಮೂಗಿನಿಂದ ಹಣೆಗೆ ಬಂತು. ಕೊನೆಗೆ ತಡೆಯಲಾರದೆ ಬಾಗಿಲ ಬಳಿಗೆ ಬಂದರು.

"ಒಂದು ನಿಮಿಷ. ನನಗೆ ಒಮ್ಮೆ..."

"ಸಾಲು ಉಂಟು ಸರ್."

"ಇನ್ನು ಎಷ್ಟು ಜನ ಉಂಟು?"

ದೇಯಿ ತಿರುಗಿ ಅವರನ್ನು ನೇರವಾಗಿ ನೋಡಿದಳು. "ಅದನ್ನೇ ಸರ್ ನಾನು ಬೆಳಗ್ಗಿನಿಂದ ಹೇಳ್ತಾ ಇರುವುದು."

"ತಡೀಲಿಕ್ಕೆ ಬರುವುದಿಲ್ವಾ ಸರ್?" ಹಿರಿಯ ಗುಣವತಿ ಮರುಕದಿಂದ ಕೇಳಿದಳು. "ಹಲ್ಲು ಕಚ್ಚಿ ಹಿಡಿಯಬೇಕು. ಬೇರೆ ಎಂತಾದರೂ ಯೋಚನೆ ಮಾಡಬೇಕು. ನೀರು ಹರಿಯುವುದನ್ನು ಮಾತ್ರ ನೋಡಬಾರದು."

ಅದೇ ಹೊತ್ತಿಗೆ ಯೂಸ್ಟೇಸ್ ಬಕೆಟನ್ನು ತಂದು ಧೋ ಎಂದು ಸುರಿದರು.

ಕೃಷ್ಣರಾಜರು ಬಾಗಿಲು ಬಿಟ್ಟು ತಿರುಗಿದರು. ಮೆಟ್ಟಿಲಿಳಿದರು. ಅಷ್ಟು ಹೆಂಗಸರ ನಡುವೆ, ಮೈಗೆ ಮೈ ತಾಗಿಸಿಕೊಂಡು, ಮೇಲಿನಿಂದ ಕೆಳಗಿನ ತನಕ ಇಳಿದರು. ಕಿಟಕಿಯಲ್ಲಿದ್ದವರಿಗೆ ಅವರು ಗೋದಾಮಿನ ಗೋಡೆಯ ಕಡೆಗೆ ಅರ್ಧ ನಡೆದು ಅರ್ಧ ಓಡಿ ಹೋಗುವುದು ಕಾಣಿಸಿತು. ನಗು ಬಂದದ್ದು ತಡವಾಗಿ. ಮೊದಲು ಒಬ್ಬಳು, ಆಮೇಲೆ ಹತ್ತು ಜನ, ಆಮೇಲೆ ಹೆಂಚಿನ ಮಾಡು ಹಾರಿಹೋಗುವಂತೆ ಎಲ್ಲರೂ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಒಂದಿಬ್ಬರಿಗೆ ಆ ನೀರು ನಿಲ್ಲಲೇ ಇಲ್ಲ. ಜಲಜಾಕ್ಷಿ ಗೋಡೆಗೆ ಒರಗಿ ಬಿಕ್ಕುತ್ತಿದ್ದಳು. "ಇಷ್ಟು ಸುಲಭವಾ?" ಎನ್ನುತ್ತಿದ್ದಳು. "ಅವರಿಗೆ ಇಷ್ಟು ಸುಲಭವಾ?"

ಒಂದೂವರೆಗೆ ಸಾಲು ಮುಗಿಯಿತು.

ದೇಯಿ ಕ್ವೆರಿ ಓಡಿಸಿದಳು. ನೂರ ನಾಲ್ಕು. ಹಳೆಯ ಪಟ್ಟಿಯನ್ನು ಪಕ್ಕಕ್ಕಿಟ್ಟು ಹೆಂಗಸರೇ ತಾಳೆ ನೋಡಿದರು. ಮೂವರು ತೀರಿಹೋಗಿದ್ದರು. ದೇಯಿಯೂ ಸೇರಿ ಇಬ್ಬರು ಹೊರುವ ಕೆಲಸ ಬಿಟ್ಟಿದ್ದರು. ನಾಲ್ವರು ಜ್ವರದಲ್ಲಿ ಮಲಗಿದ್ದರು. ಅವರಿಗಾಗಿ ಪಟ್ಟಿ ತೆರೆದಿರಲಿ ಎಂದು ತೀರ್ಮಾನವಾಯಿತು.

"ನೂರಕ್ಕೆ ನಾಲ್ಕು," ಎಂದು ಶ್ರೀಲಕ್ಷ್ಮಿ ನಕ್ಷೆಯ ಮೇಲೆ ಚೌಕ ಎಳೆದರು. "ಉಳಿದ ನಾಲ್ಕು ಜನಕ್ಕೂ ನಿಯಮದಲ್ಲಿ ಒಂದು. ಒಟ್ಟು ಐದು."

"ನಾಲ್ಕು ಜನಕ್ಕೇ ಒಂದಾ?" ಗುಣವತಿ ಎದೆಯ ಮೇಲೆ ಕೈಯಿಟ್ಟಳು. "ಯಾರು ಆ ಭಾಗ್ಯವಂತೆಯರು? ನನ್ನ ಹೆಸರು ಅದರಲ್ಲಿ ಹಾಕಿ ಮೇಡಂ!"

ಕೃಷ್ಣರಾಜರು ಬಂದು ನಿಂತಿದ್ದರು. ಶ್ರೀಲಕ್ಷ್ಮಿ ಹೊಸ ಹಾಳೆಯನ್ನು ಅವರ ಕಡೆಗೆ ಸರಿಸಿದರು. ಅವರು ಪೆನ್ನು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, 'ಪರಿಶೀಲಿಸಿದವರು' ಎಂಬಲ್ಲಿ ಸಹಿ ಹಾಕಿದರು. 'ತಯಾರಿಸಿದವರು' ಎಂಬಲ್ಲಿ ದೇಯಿ ಹಾಕಿದಳು. ದೊಡ್ಡ ಅಕ್ಷರದಲ್ಲಿ, ನಿಧಾನವಾಗಿ.

"ನಿನ್ನದನ್ನೂ ಸೇರಿಸಲಾ ದೇಯಕ್ಕ?" ಸುಹೈಲಾ ಕೀಲಿಮಣೆಯ ಮೇಲೆ ಬೆರಳಿಟ್ಟು ಕೇಳಿದಳು. "ನೂರ ಐದು ಆಗ್ತದೆ."

"ಬೇಡ. ನಾನು ಈಗ ಹೊರುವವಳಲ್ಲ."

ದೇಯಿ ಸ್ಟೂಲಿನಿಂದ ಎದ್ದಳು. ಕುತ್ತಿಗೆಯನ್ನು ಒಮ್ಮೆ ಅತ್ತಿತ್ತ ತಿರುಗಿಸಿದಳು. ಕೃಷ್ಣರಾಜರ ಮುಂದಿನಿಂದ ಹಾದು, ಮೂಲೆಯ ಬಾಗಿಲನ್ನು ತಳ್ಳಿ ಒಳಗೆ ಹೋದಳು. ಚಿಲಕ ಹಾಕಿದ ಸದ್ದು ಎಲ್ಲರಿಗೂ ಕೇಳಿತು.

ಒಂದು ನಿಮಿಷವಾಯಿತು. ಎರಡಾಯಿತು. ಐದಾಯಿತು. ಸುಹೈಲಾ ಬಾಗಿಲು ಬಡಿದಳು.

"ದೇಯಕ್ಕ! ನಿದ್ರೆ ಬಂತಾ ಹೇಗೆ? ಎಂತ ಮಾಡ್ತಾ ಇದ್ದೀ ಅಷ್ಟು ಹೊತ್ತು?"

"ತಡಿ ಮಾರಾಯ್ತಿ!" ಒಳಗಿನಿಂದ ದೇಯಿಯ ದನಿ ಟೈಲ್ಸಿಗೆ ಬಡಿದು ಗುಂಯ್ ಎಂದಿತು. "ಇಪ್ಪತ್ತು ವರ್ಷದ್ದು ಉಂಟು!"